ಕೊಂಡಿ ಉಳಿದರೆ ಸಾಲದು, ಕಾರಣವೂ ಉಳಿಯಬೇಕು

ಅಂತರ್ಜಾಲದಲ್ಲಿ ಕಂಡ ಪುಟವನ್ನು ಮುಂದೆ ಬೇಕಾದೀತೆಂದು ಗುರುತು ಮಾಡಿಟ್ಟುಕೊಳ್ಳುವ ಬುಕ್‌ಮಾರ್ಕ್ ಪದ್ಧತಿಗೆ ಮೂವತ್ತು ವರ್ಷ ದಾಟಿದೆ. ಇಷ್ಟು ಕಾಲ ಇಟ್ಟವರೇ ಅದನ್ನು ತೆಗೆದು ನೋಡುತ್ತಿದ್ದರು. ಈಗ ಒಪ್ಪಿಸಿದ ಕೆಲಸವನ್ನು ಹಂತಹಂತವಾಗಿ ತಾವೇ ಮಾಡುವ ಎಐ ಏಜೆಂಟ್‌ಗಳು ನಮ್ಮ ಸಂಗ್ರಹದೊಳಗೆ ಹುಡುಕುತ್ತವೆ, ಸೇರಿಸುತ್ತವೆ, ಅಳಿಸುತ್ತವೆ. ಇಟ್ಟವರ ನೆನಪು ಏಜೆಂಟ್‌ಗೆ ಇಲ್ಲ. ಬರೆದಿಟ್ಟದ್ದಷ್ಟೇ ಅದಕ್ಕೆ ಆಧಾರ. ಹಾಗಾಗಿ ಸಂಗ್ರಹವನ್ನು ನಿರ್ವಹಿಸುವ ಉಪಕರಣಕ್ಕೆ ಅದರ ವಿವರಣೆಯೇ ಜೀವ. ಈ ಶಿಸ್ತನ್ನು ಮೈಸೂರು ಬಹಳ ಹಿಂದೆಯೇ ರೂಢಿಸಿಕೊಂಡಿತ್ತು.

ಓಲೆಗರಿಯಿಂದ ವಿದ್ಯಾನಿಧಿಗೆ

ಮೈಸೂರಿನ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಓರಿಯಂಟಲ್ ಲೈಬ್ರರಿಯಾಗಿ ಆರಂಭವಾಯಿತು. ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯಲ್ಲಿ ಕೃತಿ, ಕರ್ತೃ, ಲಿಪಿ, ಗರಿಗಳ ಸಂಖ್ಯೆ, ಪ್ರತಿ ಪೂರ್ಣವೋ ಅಪೂರ್ಣವೋ ಎಂಬ ವಿವರಗಳ ಜೊತೆ ಆದಿ, ಅಂತ್ಯದ ಸಾಲುಗಳನ್ನೂ ಕೊಡುವುದು ರೂಢಿ. ಮೊದಲ ಗರಿಯ ಹೆಸರು ಅಳಿಸಿಹೋದರೂ ಈ ಸಾಲುಗಳಿಂದ ಕೃತಿಯನ್ನು ಗುರುತು ಹಿಡಿಯಬಹುದು. ತಂಜಾವೂರು ಸೀಮೆಯ ಪಂಡಿತರೊಬ್ಬರು ಈ ಲೈಬ್ರರಿಗೆ ಕೊಟ್ಟಿದ್ದ ಓಲೆಗರಿ ಕಟ್ಟಿನಲ್ಲಿ ಇರುವುದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಅಲ್ಲಿನ ಗ್ರಂಥಪಾಲಕ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕಂಡುಕೊಂಡರು. 1909ರಲ್ಲಿ ಅದು ಅಚ್ಚಾಯಿತು. ಪ್ರತಿ ಸಂಗ್ರಹಕ್ಕೆ ಸೇರಿದ್ದರಿಂದಲ್ಲ, ಅದೇನೆಂದು ಓದಿ ತಿಳಿಸಿದ್ದರಿಂದ ಜಗತ್ತಿಗೆ ಅರ್ಥಶಾಸ್ತ್ರ ಸಿಕ್ಕಿತು.

ಒಂದು ವಿಷಯವನ್ನು ವಸ್ತು, ಕ್ರಿಯೆ, ಸ್ಥಳ, ಕಾಲ ಹೀಗೆ ಹಲವು ಮುಖಗಳಿಂದ ಗುರುತಿಸುವ ದಾರಿಯನ್ನು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣ 1933ರಲ್ಲಿ ತೋರಿಸಿತು. 1962ರಲ್ಲಿ ಅವರು ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 2000ದಲ್ಲಿ ಶುರುವಾದ ವಿದ್ಯಾನಿಧಿ ಯೋಜನೆ ಭಾರತದ ಸಂಶೋಧನಾ ಪ್ರಬಂಧಗಳ ಡಿಜಿಟಲ್ ಸೂಚಿಯನ್ನು ಯುನಿಕೋಡ್‌ನಲ್ಲಿ ಕಟ್ಟಿತು. ಕನ್ನಡದ ಪ್ರಬಂಧಕ್ಕೆ ಕನ್ನಡ ಲಿಪಿಯಲ್ಲೇ ನಮೂದು ಸಿಕ್ಕಿತು.

ಫೋಲ್ಡರ್, ಟ್ಯಾಗ್ ಮತ್ತು ಮುಚ್ಚಿದ ಅಂಗಡಿಗಳು

1993ರ ಮೊಸಾಯಿಕ್ ಬ್ರೌಸರ್‌ನಲ್ಲಿ ಮೆಚ್ಚಿನ ಕೊಂಡಿಗಳ ಪಟ್ಟಿ ಇತ್ತು. ನೆಟ್‌ಸ್ಕೇಪ್ ರೂಪಿಸಿದ ಬುಕ್‌ಮಾರ್ಕ್ ಕಡತದ ಮಾದರಿ ಇಂದಿಗೂ ಬ್ರೌಸರ್‌ಗಳ ನಡುವಿನ ವಿನಿಮಯಕ್ಕೆ ಬಳಕೆಯಲ್ಲಿದೆ. ಆದರೆ ಫೋಲ್ಡರ್‌ನಲ್ಲಿ ಒಂದು ಕೊಂಡಿಗೆ ಒಂದೇ ಜಾಗ. 2003ರಲ್ಲಿ ಬಂದ ಡೆಲಿಷಿಯಸ್ ಎಂಬ ಬುಕ್‌ಮಾರ್ಕ್ ತಾಣ ಒಂದು ಕೊಂಡಿಗೆ ಎಷ್ಟು ಬೇಕಾದರೂ ಟ್ಯಾಗ್ ಹಾಕಲು ಬಿಟ್ಟು, ರಂಗನಾಥನ್ ಅವರ ಬಹುಮುಖ ದೃಷ್ಟಿಯನ್ನು ಜನಸಾಮಾನ್ಯರ ಕೈಗೆ ತಂದಿತು. ಅವರ ನಿಯಮಗಳ ಶಿಸ್ತನ್ನು ತರಲಿಲ್ಲ. 2005ರಲ್ಲಿ ಯಾಹೂ ಅದನ್ನು ಕೊಂಡಿತು. ಹಲವು ಕೈ ದಾಟಿ 2017ರಲ್ಲಿ ಅದೇ ಬಗೆಯ ಪಿನ್‌ಬೋರ್ಡ್ ಸೇವೆಯ ಪಾಲಾಯಿತು. ಪುಟಗಳನ್ನು ಆಮೇಲೆ ಓದಲು ಉಳಿಸಿಡುವ, 2007ರಿಂದ ನಡೆದುಬಂದಿದ್ದ ಪಾಕೆಟ್ ಸೇವೆಯನ್ನು ಮೊಜಿಲ್ಲಾ 2025ರ ಜುಲೈನಲ್ಲಿ ನಿಲ್ಲಿಸಿತು. ಸಂಗ್ರಹವನ್ನು ಹೊರತೆಗೆಯುವ ದಾರಿ, ಪುಟದ ಪಠ್ಯದ ಪ್ರತಿ ಇವೆರಡೂ ಇಲ್ಲದ ಉಪಕರಣವನ್ನು ನಂಬಲಾಗದು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಯಂತ್ರವೂ ಓದುವ ಕೈಪಿಡಿ

2024ರ ನವೆಂಬರ್‌ನಲ್ಲಿ ಎಐ ಸಂಸ್ಥೆ ಆಂಥ್ರೊಪಿಕ್ ಪ್ರಕಟಿಸಿದ, ಏಜೆಂಟ್‌ಗಳನ್ನು ಉಪಕರಣಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ ಪ್ರತಿ ಉಪಕರಣವೂ ತನ್ನ ಹೆಸರು, ಮಾಡುವ ಕೆಲಸ, ಬೇಕಾದ ಮಾಹಿತಿಯ ರೂಪ ಇವನ್ನು ಏಜೆಂಟ್‌ಗೆ ತಿಳಿಸುತ್ತದೆ. ಏಜೆಂಟ್ ಆ ವಿವರಣೆಯನ್ನೇ ಓದಿ ಯಾವುದನ್ನು ಬಳಸಬೇಕೆಂದು ತೀರ್ಮಾನಿಸುತ್ತದೆ. ವಿವರಣೆ ಮಸುಕಾದರೆ ಕೆಲಸವೂ ಕೆಡುತ್ತದೆ. ‘ತೆಗೆ’ ಎಂದರೆ ಕೊಂಡಿ ಶಾಶ್ವತವಾಗಿ ಅಳಿಯುತ್ತದೆಯೇ, ಕಸದ ಬುಟ್ಟಿಗೆ ಹೋಗುತ್ತದೆಯೇ? ಹುಡುಕಾಟ ಶೀರ್ಷಿಕೆಯಲ್ಲಷ್ಟೇ ನಡೆಯುತ್ತದೆಯೇ, ಪಠ್ಯದಲ್ಲೂ ನಡೆಯುತ್ತದೆಯೇ? ಒಂದೇ ಕೊಂಡಿ ಎರಡನೇ ಸಲ ಬಂದರೆ ಏನಾಗುತ್ತದೆ? ಯಾವ ಹೆಜ್ಜೆಗೆ ಮನುಷ್ಯರ ಒಪ್ಪಿಗೆ ಬೇಕು? ಇವೆಲ್ಲಕ್ಕೂ ನೇರ ಉತ್ತರ ಇರಬೇಕು.

ಇನ್ನೊಂದು ಅಪಾಯವಿದೆ. ಉಳಿಸಿಟ್ಟ ಪುಟದೊಳಗೆ ಯಾರಾದರೂ ಏಜೆಂಟ್‌ಗೆಂದೇ ಆಜ್ಞೆ ಅಡಗಿಸಿಟ್ಟಿರಬಹುದು. ಪುಟದ ಪಠ್ಯ ಓದಬೇಕಾದ ಸಾಮಗ್ರಿಯೇ ಹೊರತು ಪಾಲಿಸಬೇಕಾದ ಆದೇಶವಲ್ಲ ಎಂದು ಉಪಕರಣದ ಕೈಪಿಡಿ ಸ್ಪಷ್ಟವಾಗಿ ಹೇಳಬೇಕು. ಆ ಮಾತೊಂದೇ ರಕ್ಷಣೆಯಾಗದು; ಅಳಿಸುವ, ಹಂಚುವ ಅಧಿಕಾರವನ್ನೂ ಬಿಗಿಯಾಗಿ ಇಡಬೇಕು.

ಕನ್ನಡದ ಕೆಲಸ

ಕನ್ನಡದ ಕೊಂಡಿಗಳಿಗೆ ಇನ್ನಷ್ಟು ಎಚ್ಚರ ಬೇಕು. ಯುನಿಕೋಡ್‌ಗಿಂತ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಪುಟದ ಪಠ್ಯ ಹುಡುಕಾಟಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಯುನಿಕೋಡ್‌ನಲ್ಲೂ ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳಾಗಿಯೂ ಬರೆಯಲು ಬರುತ್ತದೆ. ಒಂದೇ ರೂಪಕ್ಕೆ ತಾರದಿದ್ದರೆ ಹುಡುಕಿದ್ದು ಸಿಗುವುದಿಲ್ಲ. ನಮ್ಮ ಮೈಸೂರಿನ ಇಂಗ್ಲಿಷ್ ಕಾಗುಣಿತವೇ 2014ರ ನವೆಂಬರ್ 1ರಂದು ಬದಲಾಯಿತು. ಹಳೆಯದು, ಹೊಸದು, ಕನ್ನಡ ರೂಪ ಮೂರನ್ನೂ ಒಂದೇ ಟ್ಯಾಗ್‌ಗೆ ಕಟ್ಟದಿದ್ದರೆ ಏಜೆಂಟ್ ಮೂರು ಊರುಗಳೆಂದು ತಿಳಿದೀತು.

ಇದಕ್ಕೆ ದೊಡ್ಡ ಯೋಜನೆ ಬೇಡ. ಕೊಂಡಿ ಇಟ್ಟ ದಿನ, ಇಟ್ಟ ಕಾರಣ, ಭಾಷೆ, ಮೂಲದ ಹೆಸರು, ಪಠ್ಯದ ಪ್ರತಿ ಈ ಐದು ನಮೂದುಗಳು ಕಡ್ಡಾಯವಾದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಕನ್ನಡದಲ್ಲಿ ಉದಾಹರಣೆಗಳಿರುವ ಕೈಪಿಡಿ. ಸೂಚೀಕರಣದ ಇಷ್ಟು ದೊಡ್ಡ ಪರಂಪರೆಯಿರುವ ಮೈಸೂರಿನ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ತಂತ್ರಾಂಶ ಬರೆಯುವವರ ಜೊತೆ ಕೂತು ಅದನ್ನು ಬರೆಯಬೇಕು. ಬೇರೆಯವರು ಬೇರೆ ಭಾಷೆಗೆಂದು ಮಾಡಿದ ನಿಯಮ ಕನ್ನಡದ ಮೇಲೆ ಗಟ್ಟಿಯಾಗಿ ಕೂರುವ ಮೊದಲೇ ಈ ಕೆಲಸ ಆಗಬೇಕು.