ಕೊಳಚೆ ನೀರಿಗೆ ಹೆಪ್ಪು ಹಾಕಿದವರು, ಅದನ್ನು ಕಾಯುವವರು

ನವಿ ಮುಂಬೈನ ನೆರೂಳ್‌ನಲ್ಲಿ ದಿನಕ್ಕೆ 10 ಕೋಟಿ ಲೀಟರ್ ಕೊಳಚೆ ನೀರನ್ನು ಶುದ್ಧೀಕರಿಸಬಲ್ಲ ಘಟಕವೊಂದಿದೆ. ಅಲ್ಲಿ ಎಲ್ಲವೂ ನಡೆಯುವುದು ಒಂದೇ ತೊಟ್ಟಿಯಲ್ಲಿ. ತೊಟ್ಟಿಗೆ ನೀರು ತುಂಬುತ್ತದೆ, ತಳದಿಂದ ಗಾಳಿ ಊದುತ್ತಾರೆ, ಆಮೇಲೆ ಗಾಳಿ ನಿಲ್ಲಿಸಿ ಕೆಸರು ಕೆಳಗೆ ಕೂರಲು ಬಿಡುತ್ತಾರೆ, ಮೇಲಿನ ತಿಳಿಯನ್ನು ಹೊರಗೆ ಬಿಟ್ಟು ಮತ್ತೆ ತುಂಬುತ್ತಾರೆ. ಯಾವ ವಾಲ್ವ್ ಯಾವಾಗ ತೆರೆಯಬೇಕು ಎಂಬುದನ್ನು ನೋಡಿಕೊಳ್ಳುವುದು ಕಂಪ್ಯೂಟರ್. ಇಂಥ ಘಟಕಗಳ ಉಸ್ತುವಾರಿಗೆ ಕೃತಕ ಬುದ್ಧಿಮತ್ತೆ ಬರಬೇಕು ಎಂಬ ಮಾತು ಈಗ ಕೇಳಿಬರುತ್ತಿದೆ. ಕೇಳಲು ಹೊಸದಾದ ಈ ಮಾತಿನ ಹಿಂದೆ ನೂರು ವರ್ಷಗಳಿಗೂ ಮಿಕ್ಕಿದ ಚರಿತ್ರೆ ಇದೆ. ಅದರ ಒಂದು ಎಳೆ ಬೆಂಗಳೂರಿನವರೆಗೂ ಬರುತ್ತದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. 1912ರಲ್ಲಿ ಅಮೆರಿಕಕ್ಕೆ ಹೋದಾಗ ಮಸಾಚುಸೆಟ್ಸ್‌ನ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಕೊಳಚೆ ನೀರಿಗೆ ಗಾಳಿ ಊದಿ ಶುದ್ಧಮಾಡುವ ಪ್ರಯತ್ನವನ್ನು ಕಂಡರು. ಊರಿಗೆ ಮರಳಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬಿಬ್ಬರಿಗೆ ಅದನ್ನು ಮುಂದುವರಿಸಲು ಹೇಳಿದರು. ಮೊದಲ ಸಲ ಬಾಟಲಿಯ ನೀರು ಪೂರ್ತಿ ಶುದ್ಧವಾಗಲು ಐದು ವಾರ ಹಿಡಿಯಿತು. ಅವರು ತಿಳಿಯನ್ನಷ್ಟೇ ಚೆಲ್ಲಿ, ತಳದ ಕೆಸರನ್ನು ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ನೀರು ಸುರಿದರು. ಹೀಗೆ ಮಾಡುತ್ತ ಹೋದಂತೆ ವಾರಗಳ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಅದು ಹೆಪ್ಪು: ನಿನ್ನೆಯ ಮೊಸರಿನಲ್ಲಿ ಸ್ವಲ್ಪ ಎತ್ತಿಟ್ಟು ಇವತ್ತಿನ ಹಾಲಿಗೆ ಹಾಕಿದ ಹಾಗೆ. ಉಳಿಸಿಕೊಂಡ ಕೆಸರಿನಲ್ಲಿ ಕೊಳೆ ತಿನ್ನುವ ಸೂಕ್ಷ್ಮಜೀವಿಗಳ ದಂಡೇ ಇತ್ತು. 1914ರ ಏಪ್ರಿಲ್‌ನಲ್ಲಿ ಇಬ್ಬರೂ ಈ ಪ್ರಯೋಗದ ಪ್ರಬಂಧ ಓದಿದರು. ಕೆಸರಿಗೆ ಅವರಿಟ್ಟ ಹೆಸರು ಆಕ್ಟಿವೇಟೆಡ್ ಸ್ಲಡ್ಜ್.

ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದು, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಜೀವರಸಾಯನಶಾಸ್ತ್ರಕ್ಕೆ ಬುನಾದಿ ಹಾಕಿದವರು ಅವರೇ. ಕೊಳಚೆಯಲ್ಲಿರುವ ಸಾರಜನಕವನ್ನು ಹೊಳೆಗೆ ಚೆಲ್ಲದೆ ಮಣ್ಣಿಗೆ ಹಿಂದಿರುಗಿಸುವುದು ಹೇಗೆ ಎಂಬ ವಿಷಯದ ಮೇಲೆ 1934ರಲ್ಲಿ ಪುಸ್ತಕವನ್ನೂ ಬರೆದರು.

ಆರ್ಡರ್ನ್ ಮತ್ತು ಲಾಕೆಟ್‌ರದ್ದು ತುಂಬಿಸುವ, ಬಸಿಯುವ ವಿಧಾನ. ಇವತ್ತು ನೆರೂಳ್‌ನಲ್ಲಿ ನಡೆಯುತ್ತಿರುವುದೂ ಅದೇ. ಆದರೆ ಈ ವಿಧಾನ ನಡುವೆ ಹಲವು ದಶಕ ಮೂಲೆಗುಂಪಾಗಿತ್ತು. ದಿನಕ್ಕೆ ಹಲವು ಬಾರಿ ವಾಲ್ವ್‌ಗಳನ್ನು ಕೈಯಲ್ಲೇ ತಿರುಗಿಸಬೇಕಿತ್ತು. ಕೆಸರು ಕೂತಾಗ ಗಾಳಿಯ ರಂಧ್ರಗಳು ಕಟ್ಟಿಕೊಳ್ಳುತ್ತಿದ್ದವು. ಹಾಗಾಗಿ ಎಂಜಿನಿಯರುಗಳು ನೀರು ಸದಾ ಹರಿಯುತ್ತಲೇ ಇರುವ, ಗಾಳಿಗೊಂದು ತೊಟ್ಟಿ, ಕೆಸರು ಕೂರಲು ಇನ್ನೊಂದು ತೊಟ್ಟಿ ಇರುವ ವಿನ್ಯಾಸಕ್ಕೆ ಹೊರಳಿದರು. ಹಳೆಯ ವಿಧಾನವನ್ನು ಮತ್ತೆ ಎತ್ತಿಕೊಂಡವರಲ್ಲಿ ನೊಟ್ರೆಡಾಮ್ ವಿಶ್ವವಿದ್ಯಾಲಯದ ರಾಬರ್ಟ್ ಅರ್ವೈನ್ ಮುಖ್ಯರು. 1980ರಲ್ಲಿ ಇಂಡಿಯಾನಾ ರಾಜ್ಯದ ಕಲ್ವರ್ ಪಟ್ಟಣದ ಘಟಕದಲ್ಲಿ ಅದು ಪೂರ್ಣ ಪ್ರಮಾಣದಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ವಾಲ್ವ್ ತಿರುಗಿಸಲು ಟೈಮರ್ ಮತ್ತು ಕಂಪ್ಯೂಟರ್ ಬಂದಿದ್ದವು. ಸೂಕ್ಷ್ಮಜೀವಿಗಳು ಬದಲಾಗಿರಲಿಲ್ಲ, ಕಾಯುವ ಕೆಲಸ ಮಾತ್ರ ಯಂತ್ರದ ಕೈಗೆ ಹೋಗಿತ್ತು.

ಆದರೆ ಯಂತ್ರಕ್ಕೆ ಗಂಟೆ ತಿಳಿದಿತ್ತು, ನೀರು ತಿಳಿದಿರಲಿಲ್ಲ. ನೀರು ಎಷ್ಟು ಕೊಳಕು ಎಂದು ಅಳೆಯುವ ಮುಖ್ಯ ಪರೀಕ್ಷೆ ಬಿಒಡಿ. ಅಂದರೆ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ. ಬ್ರಿಟನ್ನಿನ ರಾಯಲ್ ಕಮಿಷನ್ 1912ರಲ್ಲಿ ಇದಕ್ಕೆ ಐದು ದಿನದ ಪರೀಕ್ಷೆ ಗೊತ್ತುಮಾಡಿತು. ಭಾರತದಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ. ಫಲಿತಾಂಶ ಕೈಗೆ ಬರುವಾಗ ಆ ನೀರು ಸಮುದ್ರ ಸೇರಿರುತ್ತದೆ. ಇತ್ತ ಗಾಳಿ ಊದುವ ಬ್ಲೋವರ್‌ಗಳೇ ಘಟಕದ ಒಟ್ಟು ವಿದ್ಯುತ್ತಿನ ಸುಮಾರು ಅರ್ಧವನ್ನು ನುಂಗುತ್ತವೆ. ಹೆಚ್ಚು ಊದಿದರೆ ಪಾಲಿಕೆಯ ಹಣ ಪೋಲು, ಕಡಿಮೆ ಊದಿದರೆ ಹೆಪ್ಪು ಸಾಯುತ್ತದೆ. ಕೃತಕ ಬುದ್ಧಿಮತ್ತೆಗೆ ಕೆಲಸವಿರುವುದು ಇಲ್ಲಿ. ಹರಿವು, ಉಷ್ಣತೆ, ಕರಗಿದ ಆಮ್ಲಜನಕ, ಅಮೋನಿಯಾಗಳ ಆ ಕ್ಷಣದ ಅಳತೆ ನೋಡಿ, ಮೂರು ದಿನದ ನಂತರ ಬರಬೇಕಾದ ಉತ್ತರವನ್ನು ಅದು ಈಗಲೇ ಊಹಿಸುತ್ತದೆ, ಗಾಳಿಯನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತದೆ.

ಇದನ್ನು ಕಲಿಸುವ ಯತ್ನವೂ ಹಳೆಯದೇ. ಕೆಟಲೋನಿಯಾದ ಸಂಶೋಧಕರು ಒಂದು ನಗರ ಘಟಕದ 527 ದಿನಗಳ ದಾಖಲೆಯನ್ನು 1993ರಲ್ಲಿ ಸಾರ್ವಜನಿಕಗೊಳಿಸಿದರು. ಯಂತ್ರಕಲಿಕೆಯ ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ಬಳಸುತ್ತಾರೆ. ದಿನಕ್ಕೆ 38 ಅಂಶಗಳ ಆ ಪಟ್ಟಿಯಲ್ಲಿ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಹಲವು ಅಳತೆಗಳು ಬಿಟ್ಟುಹೋಗಿವೆ. ಮತ್ತು ಬಹುಪಾಲು ದಿನಗಳು ಮಾಮೂಲಿ ದಿನಗಳು. ಕೆಲವು ಬಗೆಯ ಕೆಟ್ಟ ದಿನಗಳಿಗೆ ಇರುವುದು ಒಂದೊಂದೇ ಉದಾಹರಣೆ.

ಆದರೆ ಕಲ್ಯಾಣ, ಡೊಂಬಿವಲಿಗಳ ನೀರನ್ನು ಕೆಡಿಸುವುದು ಇಂಥ ಕೆಟ್ಟ ದಿನಗಳೇ. 2014ರ ನವೆಂಬರ್ ಕೊನೆಯಲ್ಲಿ, ಕಲ್ಯಾಣದ ಪಕ್ಕದ ಉಲ್ಲಾಸನಗರದಲ್ಲಿ ಟ್ಯಾಂಕರೊಂದು ವಾಲ್ಧುನಿ ನದಿಗೆ ರಾಸಾಯನಿಕ ಸುರಿದು, ಅದರ ಗಾಳಿ ಕುಡಿದ ನೂರಾರು ಜನ ಆಸ್ಪತ್ರೆ ಸೇರಿದರು. ಮರುವರ್ಷ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವನಶಕ್ತಿ ಸಂಸ್ಥೆಯ ಅರ್ಜಿಯ ಮೇಲೆ, ಉಲ್ಲಾಸ್ ನದಿಯ ಮಾಲಿನ್ಯಕ್ಕಾಗಿ ಕಲ್ಯಾಣ-ಡೊಂಬಿವಲಿ ಪಾಲಿಕೆಯೂ ಸೇರಿದಂತೆ ಹಲವರಿಗೆ ದಂಡ ಹಾಕಿತು. ಅಂಥ ರಾಸಾಯನಿಕ ಊರಿನ ಚರಂಡಿಗೆ ನುಗ್ಗಿದರೆ ಶುದ್ಧೀಕರಣ ತೊಟ್ಟಿಯ ಸೂಕ್ಷ್ಮಜೀವಿಗಳೂ ಉಳಿಯುವುದಿಲ್ಲ. ಮಾಮೂಲಿ ದಿನಗಳನ್ನು ಮಾತ್ರ ಕಂಡ ಯಂತ್ರ ಆಗ ಗಾಳಿ ಹೆಚ್ಚಿಸೀತು, ಅಷ್ಟೆ. ಸತ್ತ ಹೆಪ್ಪಿಗೆ ಗಾಳಿ ಊದಿ ಫಲವಿಲ್ಲ. ನೀರನ್ನು ಮೊದಲೇ ಬೇರೆಡೆ ತಿರುಗಿಸಬೇಕು, ಟ್ಯಾಂಕರ್ ಹಿಡಿಯಬೇಕು. ಅದಕ್ಕೆ ಮನುಷ್ಯರೂ ಕಾನೂನೂ ಬೇಕು.

ಪ್ರೋಬ್‌ಗಳ ಕಥೆಯೂ ಹಾಗೆಯೇ. ಕೊಳಚೆಯಲ್ಲಿ ಮುಳುಗಿರುವ ಆಮ್ಲಜನಕದ ಪ್ರೋಬ್‌ಗೆ ಲೋಳೆ ಹತ್ತಿಕೊಂಡರೆ ಅಳತೆ ತಪ್ಪುತ್ತದೆ, ಯಂತ್ರ ಅದನ್ನೇ ನಂಬುತ್ತದೆ. ಅದನ್ನು ತೆಗೆದು ಒರೆಸಿ, ಅಳತೆ ಸರಿಯಿದೆಯೇ ಎಂದು ನೋಡುವವನು ಬಹುತೇಕ ಗುತ್ತಿಗೆಯ ನೌಕರ. 2019ರ ಮೇ ತಿಂಗಳಲ್ಲಿ ಥಾಣೆಯ ಢೋಕಳಿಯಲ್ಲಿ ವಸತಿ ಸಂಕೀರ್ಣವೊಂದರ ಶುದ್ಧೀಕರಣ ತೊಟ್ಟಿ ಶುಚಿಮಾಡಲು ಇಳಿದ ಮೂವರು ಕಾರ್ಮಿಕರು ಸತ್ತರು. ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು ತಡೆಯುವ ಕಾನೂನು 2013ರಲ್ಲೇ ಬಂದಿತ್ತು. ಬ್ಲೋವರ್‌ನ ವಿದ್ಯುತ್ ಉಳಿಸಲು ಸೆನ್ಸರ್ ಕೊಳ್ಳುವ ನಗರ, ತೊಟ್ಟಿಯ ವಿಷಗಾಳಿ ಅಳೆಯಲು ಇನ್ನೊಂದು ಕೊಳ್ಳುವುದು ದೊಡ್ಡ ಖರ್ಚಲ್ಲ.

ನೆರೂಳ್, ಐರೋಲಿ, ಥಾಣೆಗಳಿಗೆ ಹೊಂದಿಕೊಂಡಿರುವುದು ಥಾಣೆ ಖಾಡಿ ಎಂಬ ಸಮುದ್ರದ ಹಿನ್ನೀರು. ಅದರ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಆ ನೀರಿನ ಯೋಗಕ್ಷೇಮ ಈಗ ತೊಟ್ಟಿಗಳ ಕಾವಲಿಗೆ ಬಿಟ್ಟದ್ದು. ಪಾಲಿಕೆಗಳು ಕೃತಕ ಬುದ್ಧಿಮತ್ತೆಗೆ ಟೆಂಡರ್ ಕರೆಯುವಾಗ ತೆರಿಗೆದಾರರು ಮೂರು ಪ್ರಶ್ನೆ ಕೇಳಬಹುದು: ಪ್ರೋಬ್ ಒರೆಸುವವನಿಗೆ ಸಂಬಳ, ತರಬೇತಿ ಇದೆಯೇ? ಯಂತ್ರದ ಅಳತೆಗಳನ್ನು ಊರವರೂ ನೋಡಬಹುದೇ? ಕೆಟ್ಟ ದಿನ ಬಂದಾಗ ಯಂತ್ರದ ಮಾತು ಮೀರಿ ವಾಲ್ವ್ ಮುಚ್ಚುವ ಅಧಿಕಾರ ಯಾರಿಗಿದೆ?