ಸೆರೆಯಾಗಿ ಬಂದ ದೇವರು: ಹಂಪಿಯ ಕೃಷ್ಣ ದೇವಾಲಯ

ಈ ಗುಡಿ ಕಟ್ಟಿಸಿದ್ದು ಗೆದ್ದು ತಂದ ಒಂದು ವಿಗ್ರಹಕ್ಕಾಗಿ. 1514ರಲ್ಲಿ ಕೃಷ್ಣದೇವರಾಯ ಒಡಿಶಾದ ಗಜಪತಿ ಪ್ರತಾಪರುದ್ರನಿಂದ ಉದಯಗಿರಿಯ ಕೋಟೆಯನ್ನು ಕಸಿದುಕೊಂಡ. ಅಲ್ಲಿಂದ ಬಾಲಕೃಷ್ಣನ ಮೂರ್ತಿಯನ್ನು ರಾಜಧಾನಿಗೆ ತಂದು, 1515ರಲ್ಲಿ ಇಲ್ಲಿ ಪ್ರತಿಷ್ಠಾಪಿಸಿದ. ಪೂಜೆ, ನೈವೇದ್ಯಗಳಿಗೆ ದತ್ತಿ ಬಿಟ್ಟದ್ದನ್ನು ಇಲ್ಲಿನ ಶಾಸನ ಹೇಳುತ್ತದೆ.

ಕೋಟೆ ಗೆದ್ದ ಸುದ್ದಿ ಕೆಲ ವರ್ಷಗಳಲ್ಲಿ ಹಳತಾಗುತ್ತದೆ. ಆದರೆ ಶತ್ರುವಿನ ನೆಲದ ದೇವರು ರಾಜಧಾನಿಯಲ್ಲಿ ನಿತ್ಯ ಪೂಜೆಗೊಳ್ಳುತ್ತಿದ್ದರೆ, ಕೈಮುಗಿಯಲು ಬಂದ ಪ್ರತಿಯೊಬ್ಬರೂ ಆ ಗೆಲುವಿಗೆ ಸಾಕ್ಷಿಯಾಗುತ್ತಾರೆ. ದೇವರೇ ಈ ಅರಸನ ಬಳಿಗೆ ಬಂದಿದ್ದಾನೆ ಎಂಬ ನಂಬಿಕೆ ಬೇರೂರಿದರೆ ಅವನ ಆಳ್ವಿಕೆಯನ್ನು ಪ್ರಶ್ನಿಸುವುದು ಕಷ್ಟ. ರಾಯನ ಭಕ್ತಿ ಸುಳ್ಳೆಂದು ಇದರ ಅರ್ಥವಲ್ಲ. ಭಕ್ತಿಯೂ ರಾಜನೀತಿಯೂ ಇಲ್ಲಿ ಒಂದೇ ಗರ್ಭಗುಡಿಯಲ್ಲಿದ್ದವು.

ಗೆದ್ದ ನಾಡಿನ ವಿಗ್ರಹವನ್ನು ಹೊತ್ತು ತರುವ ಈ ಪದ್ಧತಿ ಹಳೆಯದು. 11ನೇ ಶತಮಾನದಲ್ಲಿ ಚೋಳ ರಾಜಾಧಿರಾಜ ಚಾಲುಕ್ಯರ ರಾಜಧಾನಿ ಕಲ್ಯಾಣವನ್ನು ಸುಟ್ಟು ಅಲ್ಲಿನ ದ್ವಾರಪಾಲಕ ಶಿಲ್ಪವನ್ನು ಹೊತ್ತೊಯ್ದ. ಹಾಗೆಂದು ಆ ಶಿಲ್ಪದ ಪೀಠದಲ್ಲೇ ಬರೆಸಿದ. ಮೂರ್ತಿ ಕಳೆದುಕೊಂಡವರ ಬದಿ, ಹೊತ್ತು ತಂದವರ ಬದಿ, ಕನ್ನಡ ನಾಡು ಎರಡರಲ್ಲೂ ನಿಂತಿದೆ.

ಹಂಪಿಯ ಈ ಗುಡಿಗೆ ಬಂದರೆ ಪೂರ್ವ ಗೋಪುರವನ್ನು ತಪ್ಪದೆ ನೋಡಿ. ಗಾರೆಯಲ್ಲಿ ಮೂಡಿಸಿದ ಆನೆ, ಕುದುರೆ, ಗುರಾಣಿ ಹಿಡಿದ ಕಾಲಾಳುಗಳು ಗಜಪತಿಯ ಮೇಲಿನ ದಂಡಯಾತ್ರೆಯ ಚಿತ್ರಣವೆಂದು ವಿದ್ವಾಂಸರು ಗುರುತಿಸಿದ್ದಾರೆ. ದೇವರ ದರ್ಶನಕ್ಕೆ ಹೋಗುವವರು ಈ ಸೈನ್ಯದ ಕೆಳಗೇ ಹಾದುಹೋಗಬೇಕಿತ್ತು. ಇಂದು ಗರ್ಭಗುಡಿ ಖಾಲಿ. ಭಗ್ನಗೊಂಡ ಬಾಲಕೃಷ್ಣ ಮೂರ್ತಿ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.