ಸ್ಯಾನ್ ಡಿಯೇಗೋದ ರಾಳ, ಮುಳಬಾಗಿಲಿನ ಹಲ್ಲು



ನಾನು ದಂತವೈದ್ಯನಲ್ಲ. ಹಲ್ಲಿನ ವಿಷಯವಾಗಿ ತಮ್ಮೆದುರು ಮಾತನಾಡುವ ಅಧಿಕಾರ ನನಗೆ ಪದವಿಯಿಂದ ಬಂದುದಲ್ಲ, ನನ್ನ ಬಾಯಿಂದಲೇ ಬಂದುದು ಎಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಹುಟ್ಟಿ ಬೆಳೆದದ್ದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ. ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದ ಕಾಲವದು. ನೀರು ಕನ್ನಡಿಯಷ್ಟು ತಿಳಿ. ಆದರೆ ಅದರಲ್ಲಿ ಫ್ಲೋರೈಡ್ ಮಿತಿಮೀರಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 1.5 ಮಿಲಿಗ್ರಾಂ, ಕೋಲಾರ, ಪಾವಗಡಗಳ ಅನೇಕ ಕೊಳವೆಬಾವಿಗಳು ಅದನ್ನು ದಾಟಿದವು. ಹಾಲುಹಲ್ಲು ಬಿದ್ದು ಬಂದ ಹೊಸ ಹಲ್ಲುಗಳು ಕಂದು ಪಟ್ಟೆಗಳನ್ನು ಹೊತ್ತೇ ಮೂಡಿದವು. ನಕ್ಕಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ನಮ್ಮ ಶಾಲೆಯಲ್ಲಿ ಯಾರೂ ಕಲಿಸದೆ ಎಲ್ಲರೂ ಕಲಿತ ಪಾಠ.

1990ರ ದಶಕದ ಕೊನೆಯಲ್ಲಿ ರೆಸಿಡೆನ್ಸಿಗೆಂದು ಅಮೆರಿಕಕ್ಕೆ ಬಂದೆ. ಮುಗಿಸಿ ಲಾಂಗ್ ಬೀಚಿನಲ್ಲಿ ನೆಲೆಸಿದ ಮೇಲೆ ಒಬ್ಬ ದಂತವೈದ್ಯರಿಂದ ಮುಂದಿನ ಎರಡು ಬಾಚಿಹಲ್ಲುಗಳಿಗೆ ಬಿಳಿಯ ಕಾಂಪೋಸಿಟ್ ರಾಳದ ಲೇಪ ಹಾಕಿಸಿಕೊಂಡೆ. ಐದು ತಿಂಗಳೊಳಗೆ ಎರಡೂ ಇಡಿಯಾಗಿ, ಗೋಡೆಯ ಸುಣ್ಣದ ಚಕ್ಕೆಯಂತೆ ಕಳಚಿಬಂದವು. ಎರಡನೆಯದು ದೀಪಾವಳಿಯ ಚಕ್ಕುಲಿಗೆ ಬಲಿಯಾಯಿತು. (ಮುದ್ದೆಯ ಮೇಲೆ ಅಪವಾದ ಹೊರಿಸುವಂತಿಲ್ಲ, ಅದನ್ನು ನಾವು ಅಗಿಯುವುದೇ ಇಲ್ಲ.) ಪಕ್ಕದ ಮನೆಯವರ ಲೇಪ ಹತ್ತು ವರ್ಷ ನಿಂತಿರುವಾಗ ನನ್ನದೇಕೆ ನಿಲ್ಲಲಿಲ್ಲ? ಈ ಪ್ರಶ್ನೆಯನ್ನು ಬೆನ್ನಟ್ಟಿ ನಾನು ಓದಿಕೊಂಡ ಚರಿತ್ರೆಯೇ ಇಂದಿನ ಉಪನ್ಯಾಸ.

ಹಲ್ಲಿಗೆ ಏನನ್ನಾದರೂ ಅಂಟಿಸಬಹುದೆಂಬ ಕಲ್ಪನೆಯೇ ಇತ್ತೀಚಿನದು. ಚಿನ್ನವಾಗಲಿ, ಪಾದರಸದ ಮಿಶ್ರಲೋಹವಾದ ಅಮಾಲ್ಗಮ್ ಆಗಲಿ ಹಲ್ಲಿಗೆ ತಾನಾಗಿ ಅಂಟುವುದಿಲ್ಲ. ಆದ್ದರಿಂದ ಬಾಯಿ ಕಿರಿದಾಗಿ ಒಳಗೆ ಅಗಲವಾಗುವಂತೆ ಕುಳಿ ಕೊರೆದು ಅದರಲ್ಲಿ ಲೋಹವನ್ನು ಸಿಕ್ಕಿಸಬೇಕಾಗಿತ್ತು. ಅಮೆರಿಕದ ಜಿ.ವಿ. ಬ್ಲಾಕ್ 1908ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕುಳಿಗಳ ಆಕಾರವನ್ನು ಶಾಸ್ತ್ರವಾಗಿಸಿದರು. ಮುಂದೆ ಹುಳುಕು ಹಿಡಿಯಬಹುದಾದ ಆರೋಗ್ಯವಂತ ಭಾಗವನ್ನೂ ಮುನ್ನೆಚ್ಚರಿಕೆಯಾಗಿ ಕೊರೆಯಬೇಕೆಂಬುದು ಅವರ ಬೋಧನೆಯಾಗಿತ್ತು. ಎಳ್ಳಷ್ಟು ಹುಳುಕಿಗೆ ಕಡಲೆಕಾಳಷ್ಟು ಹಲ್ಲನ್ನು ತೆರಬೇಕಿತ್ತು. ಎದುರಿಗೆ ಕಾಣುವ ಹಲ್ಲುಗಳಿಗೆ ಸಿಲಿಕೇಟ್ ಸಿಮೆಂಟ್ ಬಳಸಿದರು, ಅದು ಜೊಲ್ಲಿನಲ್ಲಿ ಕರಗುತ್ತಿತ್ತು. ಆಮೇಲೆ ಅಕ್ರಿಲಿಕ್ ಬಂತು. ಅದು ಗಟ್ಟಿಯಾಗುವಾಗ ಕುಗ್ಗಿ, ಅಂಚಿನಲ್ಲಿ ಬಿರುಕುಬಿಟ್ಟು, ಆ ಸಂದಿಯಲ್ಲಿ ಮತ್ತೆ ಹುಳುಕಿಗೆ ಮನೆಮಾಡಿಕೊಡುತ್ತಿತ್ತು.

ಇಲ್ಲಿಂದ ಮುಂದಿನ ಕಥೆ ನಮ್ಮ ನೆರೆಯದು. ರಾಫೆಲ್ ಬೋವೆನ್ ಎಂಬ ಯುವಕ 1953ರಲ್ಲಿ ಲಾಸ್ ಏಂಜಲೀಸಿನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದಿಂದ ದಂತವೈದ್ಯಕೀಯ ಪದವಿ ಪಡೆದು, ಸ್ಯಾನ್ ಡಿಯೇಗೋದಲ್ಲಿ ವೃತ್ತಿ ಆರಂಭಿಸಿದರು. ಕೈಯಲ್ಲಿದ್ದ ಬಿಳಿ ಪದಾರ್ಥಗಳಾವುವೂ ಅವರಿಗೆ ತೃಪ್ತಿ ಕೊಡಲಿಲ್ಲ. ಎಪಾಕ್ಸಿ ಅಂಟನ್ನು ಹಲ್ಲಿಗೆ ಒಗ್ಗಿಸಲು ತಾವೇ ಪ್ರಯೋಗಕ್ಕಿಳಿದರು. ಅದು ಕುಗ್ಗುವುದು ಕಡಿಮೆ, ಆದರೆ ಬಾಯಿ ತೆರೆದು ಕುಳಿತ ರೋಗಿ ಕಾಯಲಾರದಷ್ಟು ನಿಧಾನವಾಗಿ ಗಟ್ಟಿಯಾಗುತ್ತಿತ್ತು. ಮುಂದೆ ವಾಷಿಂಗ್‌ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿದ್ದ ದಂತ ಸಂಶೋಧನಾ ವಿಭಾಗ ಸೇರಿದ ಬೋವೆನ್, ಎಪಾಕ್ಸಿಯ ದೊಡ್ಡ ಅಣುವಿಗೆ ಅಕ್ರಿಲಿಕ್‌ನಂತೆ ಬೇಗ ಕೂಡಿಕೊಳ್ಳುವ ತುದಿಗಳನ್ನು ಜೋಡಿಸಿದರು. ಅದೇ ಬಿಸ್-ಜಿಎಂಎ. ಅದರ ಪೇಟೆಂಟ್ 1962ರದು. ರಾಳಕ್ಕೆ ಬಲ ಬರಲೆಂದು ಸ್ಫಟಿಕದ ನುಣ್ಣನೆಯ ಪುಡಿ ಬೆರೆಸಿ, ಪುಡಿಯ ಕಣಗಳು ರಾಳವನ್ನು ಬಿಡದಂತೆ ಅವಕ್ಕೆ ಸಿಲೇನ್ ಎಂಬ ರಾಸಾಯನಿಕದ ಪೂಟು ಕೊಟ್ಟರು. ಜಲ್ಲಿ, ಮರಳು, ಸಿಮೆಂಟು ಕೂಡಿ ಕಾಂಕ್ರೀಟ್ ಆದಂತೆ ಪುಡಿ, ರಾಳ, ಸಿಲೇನ್ ಕೂಡಿ ಕಾಂಪೋಸಿಟ್ ಆಯಿತು.

ರಾಳ ಸಿಕ್ಕಿತು, ಆದರೆ ಅದು ಅಂಟುವುದು ಹೇಗೆ? ಇದಕ್ಕೆ ಉತ್ತರ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದಲ್ಲಿ ಆಗಲೇ ದೊರೆತಿತ್ತು. ಲೋಹಕ್ಕೆ ಬಣ್ಣ ಕಚ್ಚಿಕೊಳ್ಳಲೆಂದು ಅದನ್ನು ಫಾಸ್ಫಾರಿಕ್ ಆಮ್ಲದಿಂದ ಸಂಸ್ಕರಿಸುವ ಪದ್ಧತಿ ಕಾರ್ಖಾನೆಗಳಲ್ಲಿತ್ತು. ಅದನ್ನು ಅರಿತಿದ್ದ ಮೈಕೆಲ್ ಬ್ಯೂನೊಕೋರ್, ಹಲ್ಲಿನ ಎನಾಮೆಲ್ ಮೇಲೆ ಶೇಕಡ 85ರ ಅದೇ ಆಮ್ಲವನ್ನು 30 ಸೆಕೆಂಡು ಸವರಿ, ತೊಳೆದು, ಮೇಲೆ ಅಕ್ರಿಲಿಕ್ ಹನಿಯಿಟ್ಟರು. ಆಮ್ಲ ತಾಗದ ಹಲ್ಲಿನ ಹನಿಗಿಂತ ಅದು ಬಹುಪಾಲು ಹೆಚ್ಚು ಕಾಲ ನಿಂತಿತು. ಫಲಿತಾಂಶವನ್ನು ಅವರು ಪ್ರಕಟಿಸಿದ್ದು 1955ರಲ್ಲಿ. ನಮ್ಮೂರ ಗಾರೆಯವನಿಗೆ ಇದರ ಮರ್ಮ ಹೇಳಿಕೊಡಬೇಕಿಲ್ಲ. ನುಣುಪು ಗೋಡೆಗೆ ಗಾರೆ ನಿಲ್ಲದೆಂದು ಆತ ಉಳಿಯಿಂದ ಕಚ್ಚು ಹಾಕುತ್ತಾನೆ. ಆಮ್ಲವೂ ಎನಾಮೆಲ್‌ನ ಹರಳುಗಳನ್ನು ಅಲ್ಲಲ್ಲಿ ಕರಗಿಸಿ ಸೂಕ್ಷ್ಮ ಕಚ್ಚುಗಳನ್ನು ಹಾಕುತ್ತದೆ. ನೀರಾದ ರಾಳ ಅವುಗಳೊಳಗೆ ಇಳಿದು, ಗಟ್ಟಿಯಾಗಿ, ಬೇರುಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಈಗ ಸುಮಾರು ಶೇಕಡ 37ರ ಆಮ್ಲವೇ ಸಾಕು.

ಎನಾಮೆಲ್‌ನ ಕೆಳಗಿರುವ ಡೆಂಟಿನ್ ಇಷ್ಟು ಸುಲಭವಾಗಿ ಮಣಿಯಲಿಲ್ಲ. ಎನಾಮೆಲ್ ತೂಕದಲ್ಲಿ ಶೇಕಡ 96ರಷ್ಟು ಖನಿಜ. ಡೆಂಟಿನ್‌ನಲ್ಲಿ ನೀರೂ ಕೊಲಾಜೆನ್ ನಾರೂ ಧಾರಾಳ. ಟೋಕಿಯೋದಲ್ಲಿ ಫುಸಯಾಮ 1979ರಲ್ಲಿ ಡೆಂಟಿನ್‌ಗೂ ಧೈರ್ಯವಾಗಿ ಆಮ್ಲ ಹಚ್ಚಿದರು. 1982ರಲ್ಲಿ ಅದೇ ನಗರದ ನಕಬಯಾಶಿ, ರಾಳವು ಬಯಲಾದ ನಾರುಗಳ ನಡುವೆ ಹೆಣೆದುಕೊಂಡು ಅರೆ ಹಲ್ಲು, ಅರೆ ರಾಳವಾದ ಹೊಸ ಪದರವಾಗುವುದೆಂದು ತೋರಿಸಿದರು. ಆಮ್ಲ ತೊಳೆದ ಮೇಲೆ ಡೆಂಟಿನ್ ಅನ್ನು ಪೂರಾ ಒಣಗಿಸಿದರೆ ನಾರುಗಳು ಕುಸಿದು ರಾಳಕ್ಕೆ ದಾರಿಯೇ ಇರುವುದಿಲ್ಲ. ಗಾರೆಯವನೂ ಗೋಡೆಗೆ ನೀರು ಚಿಮುಕಿಸುತ್ತಾನೆ, ಕಾರಣ ಮಾತ್ರ ಬೇರೆ.

ಇಷ್ಟು ತಿಳಿದ ಮೇಲೆ ನನ್ನ ಚಕ್ಕುಲಿಯ ರಹಸ್ಯವೂ ಬಯಲಾಯಿತು. ಫ್ಲೋರೈಡ್ ಹೀರಿದ ಎನಾಮೆಲ್‌ನ ಮೇಲ್ಪದರ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಹುಳುಕನ್ನು ತಡೆಯಲೆಂದು ಪೇಸ್ಟಿನಲ್ಲಿ ಫ್ಲೋರೈಡ್ ಬೆರೆಸುವುದು ಇದೇ ಗುಣಕ್ಕಾಗಿ. ನನ್ನ ಹಲ್ಲಿನಲ್ಲಿ ಆ ಗುಣ ಅತಿಯಾಗಿ, ಎಲ್ಲರಿಗೂ ಹಚ್ಚುವಷ್ಟೇ ಹೊತ್ತು ಹಚ್ಚಿದ ಆಮ್ಲ ಕಚ್ಚುಹಾಕಲಾರದೆ ಹೋಯಿತು. ಎರಡನೆಯ ದಂತವೈದ್ಯೆ ನನ್ನ ಹಲ್ಲು ನೋಡಿದವರೇ ಬಾಲ್ಯದಲ್ಲಿ ಕುಡಿದ ನೀರಿನ ಬಗ್ಗೆ ಕೇಳಿದರು. ಮೇಲ್ಪದರವನ್ನು ತುಸು ತೀಡಿ, ಆಮ್ಲವನ್ನು ಎರಡರಷ್ಟು ಹೊತ್ತು ಬಿಟ್ಟು ಲೇಪಿಸಿದರು. ಹಾಗಾಗಿ ನಮ್ಮ ನಡುವಿನ ಕೋಲಾರ, ಪಾವಗಡದ ಬಂಧುಗಳಲ್ಲಿ ಒಂದು ವಿನಂತಿ. ಕುರ್ಚಿಯಲ್ಲಿ ಒರಗುವ ಮುನ್ನ ನಿಮ್ಮ ಊರಿನ ನೀರಿನ ಕಥೆಯನ್ನು ವೈದ್ಯರಿಗೆ ಹೇಳಿರಿ. ಇಲ್ಲಿ ಕಲಿತ ಎಲ್ಲರೂ ಅಂಥ ಹಲ್ಲನ್ನು ಕಂಡಿರುವುದಿಲ್ಲ.

ಆ ಲೇಪ ಹನ್ನೊಂದು ವರ್ಷ ನಿಂತಿತು. ಅಂಚು ಕಾಫಿಯ ಬಣ್ಣಕ್ಕೆ ತಿರುಗಿದಾಗ ಒಮ್ಮೆ ಬದಲಿಸಿಕೊಂಡೆ. ಕಳೆದ ಬೇಸಿಗೆಯಲ್ಲಿ ಮುಳಬಾಗಿಲಿನಿಂದ ಬಂದಿದ್ದ ನನ್ನ ತಂಗಿ, ಇಲ್ಲಿನ ಕಡಲತೀರದಲ್ಲಿ ಫೋಟೋ ತೆಗೆಯುವಾಗ ಎಂದಿನಂತೆ ಬಾಯಿಗೆ ಸೆರಗು ಹಿಡಿದಳು. ಮರುದಿನವೇ ಅವಳನ್ನು ಅದೇ ವೈದ್ಯೆಯ ಬಳಿ ಕರೆದೊಯ್ದೆ.